ಗಿಲ್ ಹಾಡ್ಜಸ್: ಸೋಲಿನ ದಿನಗಳಲ್ಲಿ ಜನರ ಪ್ರಾರ್ಥನೆ ಪಡೆದ ಆಟಗಾರ

1953ನೆಯ ಇಸವಿಯ ಮೇ ತಿಂಗಳ ಒಂದು ಭಾನುವಾರ. ಅಮೆರಿಕದ ನ್ಯೂಯಾರ್ಕ್ ಮಹಾನಗರಕ್ಕೆ ಸೇರಿದ ಬ್ರೂಕ್ಲಿನ್‌ನಲ್ಲಿ ಅಂದು ಸೆಖೆ ವಿಪರೀತವಾಗಿತ್ತು. ಅಲ್ಲಿನ ಸಂತ ಫ್ರಾನ್ಸಿಸ್ ಝೇವಿಯರ್ ದೇವಾಲಯದಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದ ಫಾದರ್ ಹರ್ಬರ್ಟ್ ರೆಡ್ಮಂಡ್ ಅವರು ಪ್ರಬೋಧನೆಯ ವೇಳೆಗೆ ಜನರೆದುರು ನಿಂತರು; ಆದರೆ ಪ್ರಬೋಧನೆ ನೀಡಲಿಲ್ಲ. ಇಂಥ ಸೆಖೆಯಲ್ಲಿ ಪ್ರಬೋಧನೆ ಬೇಡವೆಂದೂ, ಎಲ್ಲರೂ ಮನೆಗೆ ಹೋಗಿ ದೇವರ ಕಟ್ಟಳೆಗಳನ್ನು ಪಾಲಿಸಬೇಕೆಂದೂ, ಗಿಲ್ ಹಾಡ್ಜಸ್‌ಗಾಗಿ ಒಂದು ಪ್ರಾರ್ಥನೆ ಸಲ್ಲಿಸಬೇಕೆಂದೂ ತಿಳಿಸಿ ಮಾತು ಮುಗಿಸಿದರು.

ಗಿಲ್ ಹಾಡ್ಜಸ್ ರೋಗಿಯಾಗಿರಲಿಲ್ಲ, ಮರಣಶಯ್ಯೆಯಲ್ಲಿಯೂ ಇರಲಿಲ್ಲ. ಆತ ಬ್ರೂಕ್ಲಿನ್ ಡಾಡ್ಜರ್ಸ್ ಎಂಬ ಬೇಸ್‌ಬಾಲ್ ತಂಡದ ಇಪ್ಪತ್ತೊಂಬತ್ತು ವರ್ಷದ ಆಟಗಾರ. ಆತನ ಕಷ್ಟವೆಂದರೆ ಇಷ್ಟೇ: ಬ್ಯಾಟು ಬೀಸಿದರೆ ಚೆಂಡು ಸರಿಯಾಗಿ ತಾಗುತ್ತಿರಲಿಲ್ಲ. ಇಂಥ ಕಾರಣಕ್ಕಾಗಿ ದೇವಾಲಯದಲ್ಲಿ ಪ್ರಾರ್ಥನೆ ಕೋರುವುದು ಉಚಿತವೇ ಎಂದು ನಮ್ಮ ಓದುಗರು ಕೇಳಬಹುದು. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಈ ಸಜ್ಜನರ ಜೀವನವನ್ನು ನಾವು ಇಂದು ಸ್ಮರಿಸುತ್ತಿದ್ದೇವೆ.

ಗಿಲ್ ಹಾಡ್ಜಸ್ ಜನಿಸಿದ್ದು 1924ರ ಏಪ್ರಿಲ್ 4ರಂದು, ಇಂಡಿಯಾನಾ ರಾಜ್ಯದ ಪ್ರಿನ್ಸ್‌ಟನ್ ಎಂಬ ಊರಿನಲ್ಲಿ. ಬೆಳೆದದ್ದು ಸಮೀಪದ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ಚಾರ್ಲ್ಸ್ ಕಲ್ಲಿದ್ದಲು ಗಣಿಯ ಕಾರ್ಮಿಕ. ಗಣಿಯ ಅಪಘಾತಗಳಲ್ಲಿ ಅವರು ಒಂದು ಕಣ್ಣನ್ನೂ ಕೆಲವು ಕಾಲ್ಬೆರಳುಗಳನ್ನೂ ಕಳೆದುಕೊಂಡಿದ್ದರು. ತಮ್ಮ ಗಂಡುಮಕ್ಕಳು ಎಂದಿಗೂ ಆ ಕತ್ತಲೆಗೆ ಇಳಿಯಬಾರದೆಂಬುದೇ ಅವರ ಬಾಳಿನ ಹಂಬಲವಾಗಿತ್ತು. ದುಡಿದು ದಣಿದ ದೇಹದಲ್ಲಿಯೂ ಇಬ್ಬರು ಮಕ್ಕಳಿಗೆ ಚೆಂಡಾಟ ಕಲಿಸಿದವರು ಅವರೇ. ಗಿಲ್ ಮುಂದೆ ಅದೇ ರಾಜ್ಯದ ರೆನ್ಸೆಲೇರ್‌ನಲ್ಲಿ ಕಥೋಲಿಕ ಗುರುಗಳು ನಡೆಸುತ್ತಿದ್ದ ಸಂತ ಜೋಸೆಫರ ಕಾಲೇಜಿಗೆ ಸೇರಿದರು. 1943ರಲ್ಲಿ ಡಾಡ್ಜರ್ಸ್ ತಂಡ ಆತನನ್ನು ಆರಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 3ರಂದು ಒಂದೇ ಒಂದು ಪಂದ್ಯ ಆಡುವ ಅವಕಾಶ ದೊರೆಯಿತು. ಚೊಚ್ಚಲ ಪಂದ್ಯದಲ್ಲಿ ಎರಡು ಬಾರಿ ಚೆಂಡನ್ನು ತಾಗಿಸಲಾರದೆ ಹಿಂದಿರುಗಿದ ಆ ಯುವಕ ಬಳಿಕ ಯುದ್ಧಕ್ಕೆ ತೆರಳಿದ. ನೌಕಾಪಡೆಯ ಮರೀನ್ ದಳದಲ್ಲಿ ಸೇವೆ ಸಲ್ಲಿಸಿ, 1945ರಲ್ಲಿ ಒಕಿನಾವಾ ದ್ವೀಪದ ಘೋರ ಕಾಳಗವನ್ನು ಕಣ್ಣಾರೆ ಕಂಡು, ಕಂಚಿನ ತಾರೆಯ ಪದಕವನ್ನು ಪಡೆದು ಮರಳಿದ. ಆದರೆ ಆ ಪದಕದ ವಿಷಯವನ್ನು ಜೀವನದುದ್ದಕ್ಕೂ ಆತ ಹೇಳಿಕೊಂಡು ತಿರುಗಲಿಲ್ಲ.

1947ರಿಂದ ಹಾಡ್ಜಸ್ ಡಾಡ್ಜರ್ಸ್ ತಂಡದ ಕಾಯಂ ಸದಸ್ಯರಾದರು. ಮೊದಲು ಬ್ಯಾಟುಗಾರನ ಹಿಂದೆ ಕುಳಿತು ಚೆಂಡು ಹಿಡಿಯುವ ಕೆಲಸ. 1948ರಲ್ಲಿ ಆ ಸ್ಥಾನಕ್ಕೆ ರಾಯ್ ಕ್ಯಾಂಪನೆಲ್ಲಾ ಬಂದಾಗ ಹಾಡ್ಜಸ್ ಅವರನ್ನು ಮೊದಲ ಬೇಸ್ ಕಾಯಲು ನಿಲ್ಲಿಸಲಾಯಿತು. ಹೊಸ ಕೆಲಸವನ್ನು ಗೊಣಗದೆ ಕಲಿತ ಅವರು ಆ ಸ್ಥಾನದಲ್ಲಿ ಆಡಿದವರ ಪೈಕಿ ಶ್ರೇಷ್ಠರೆಂದು ಹೆಸರಾದರು. ಆ ಸ್ಥಾನದ ಅತ್ಯುತ್ತಮ ರಕ್ಷಕನಿಗೆ ಸಲ್ಲುವ ಚಿನ್ನದ ಕೈಗವಸಿನ ಪ್ರಶಸ್ತಿ 1957ರಲ್ಲಿ ಆರಂಭವಾದಾಗ ಮೊದಲ ಮೂರು ವರ್ಷವೂ ಅದು ಅವರ ಪಾಲಾಯಿತು. 1950ರ ಆಗಸ್ಟ್ 31ರಂದು ಒಂದೇ ಪಂದ್ಯದಲ್ಲಿ ನಾಲ್ಕು ಹೋಂ ರನ್ ಬಾರಿಸಿದ ದಾಖಲೆಯೂ ಅವರದು. ನಮ್ಮ ಕ್ರಿಕೆಟ್‌ನಲ್ಲಿ ಚೆಂಡು ಸೀಮಾರೇಖೆಯನ್ನು ನೆಲ ತಾಗದೆ ದಾಟಿದರೆ ಸಿಕ್ಸರ್ ಎನ್ನುತ್ತೇವಲ್ಲ, ಅಂಥ ಹೊಡೆತವೇ ಈ ಹೋಂ ರನ್; ಆದರೆ ಅದು ಸಿಕ್ಸರ್‌ಗಿಂತ ಬಹಳ ವಿರಳ.

ಕ್ರೀಡಾಂಗಣದಲ್ಲಿ ಕುಳಿತು ನೋಡುವವರಿಗೆ ಆಟ ಎರಡು ಮೂರು ಗಂಟೆಗಳ ಸಂಭ್ರಮ. ಆಟಗಾರನ ನಿಜವಾದ ಬಾಳು ಮಾತ್ರ ನಮ್ಮ ಕಣ್ಣಿಗೆ ಬೀಳದೆ ನಡೆಯುತ್ತದೆ. ಹಾಡ್ಜಸ್ ಅವರ ಕಾಲದಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ತಂಡ 154 ಪಂದ್ಯಗಳನ್ನು ಆಡಬೇಕಿತ್ತು. ಅರ್ಧ ತವರಿನಲ್ಲಿ, ಅರ್ಧ ಪರಊರಿನಲ್ಲಿ. ಹೆಚ್ಚುಕಡಿಮೆ ಪ್ರತಿದಿನವೂ ಆಟ. ಕೆಲವು ದಿನ ಬೆನ್ನುಬೆನ್ನಿಗೆ ಎರಡು ಪಂದ್ಯ. ಬೇಸಿಗೆಯಲ್ಲಿಯೂ ದಪ್ಪ ಉಣ್ಣೆಯ ಸಮವಸ್ತ್ರ. ಆಟ ಮುಗಿದ ರಾತ್ರಿಯೇ ರೈಲು ಹತ್ತಿ ಚಿಕಾಗೋ ಅಥವಾ ಸೇಂಟ್ ಲೂಯಿಸ್‌ನತ್ತ ಪ್ರಯಾಣ. ರೈಲಿನಲ್ಲಿ ಇಸ್ಪೀಟು, ಹರಟೆ, ಅರೆನಿದ್ದೆ. ಬೆಳಗ್ಗೆ ಹೋಟೆಲಿನ ಕೊಠಡಿ. ಮಧ್ಯಾಹ್ನ ಮತ್ತೆ ಮೈದಾನ. ಫೆಬ್ರವರಿ ಕೊನೆಯಾಗುತ್ತಲೇ ಮನೆಮಂದಿಯನ್ನು ಬಿಟ್ಟು ಫ್ಲಾರಿಡಾದ ವೀರೋ ಬೀಚ್‌ನಲ್ಲಿ ಪೂರ್ವಸಿದ್ಧತೆ. ಯುದ್ಧಕಾಲದ ನೌಕಾ ವಿಮಾನ ನೆಲೆಯೊಂದನ್ನೇ ಡಾಡ್ಜರ್ಸ್ ತಂಡ 1948ರಿಂದ ತರಬೇತಿ ಕೇಂದ್ರವಾಗಿ ಬಳಸಿಕೊಂಡಿತ್ತು. ಸೈನಿಕರು ಮಲಗಿದ್ದ ಸಾಲುಮನೆಗಳಲ್ಲಿಯೇ ಆಟಗಾರರ ವಾಸ. ಎಲ್ಲರಿಗೂ ಒಂದೇ ಭೋಜನಶಾಲೆ.

ಇಂಥ ಸಹವಾಸದಲ್ಲಿ ಮನುಷ್ಯನ ಗುಣ ಬಹಳ ಕಾಲ ಮುಚ್ಚಿಡಲು ಬರುವುದಿಲ್ಲ. ಸೆಮಿನರಿಯಲ್ಲಿ ವರ್ಷಗಟ್ಟಲೆ ಒಂದೇ ಸೂರಿನಡಿ ಬಾಳಿದ ನಮಗೆ ಇದು ಚೆನ್ನಾಗಿ ತಿಳಿದಿದೆ. ಹಾಡ್ಜಸ್ ಅಜಾನುಬಾಹು, ಅವರ ಅಂಗೈ ಎಷ್ಟು ವಿಶಾಲವೆಂದರೆ ಅವರಿಗೆ ಕೈಗವಸೇ ಬೇಕಿಲ್ಲವೆಂದು ಸಂಗಡಿಗರು ತಮಾಷೆ ಮಾಡುತ್ತಿದ್ದರು. ಆ ಬಲವನ್ನು ಅವರು ಜಗಳ ಬಿಡಿಸುವುದಕ್ಕೆ ಮಾತ್ರ ಉಪಯೋಗಿಸಿದರು. ಮೈದಾನದಲ್ಲಿ ಕೈಕೈ ಮಿಲಾಯಿಸಿದವರನ್ನು ಎತ್ತಿ ಬೇರ್ಪಡಿಸುವುದು ಅವರ ಪಾಲಿನ ಕೆಲಸವಾಗಿತ್ತು. 1947ರಲ್ಲಿ ಅದೇ ತಂಡಕ್ಕೆ ಜಾಕಿ ರಾಬಿನ್ಸನ್ ಸೇರಿದರು. ಕಪ್ಪುವರ್ಣೀಯರಿಗೆ ದಶಕಗಳಿಂದ ಮುಚ್ಚಿದ್ದ ಬಾಗಿಲನ್ನು ತೆರೆದ ವ್ಯಕ್ತಿ ಅವರು. ಪ್ರೇಕ್ಷಕರ ಬೈಗುಳ, ಎದುರಾಳಿಗಳ ಕೆಣಕು, ಕೆಲವು ಊರುಗಳಲ್ಲಿ ಬಿಳಿಯ ಸಂಗಡಿಗರೊಂದಿಗೆ ಒಂದೇ ಹೋಟೆಲಿನಲ್ಲಿ ತಂಗಲಾರದ ಅವಮಾನ, ಇವೆಲ್ಲವನ್ನೂ ರಾಬಿನ್ಸನ್ ಸಹಿಸಬೇಕಾಯಿತು. 1948ರಿಂದ ಹಲವು ವರ್ಷ ರಾಬಿನ್ಸನ್ ಎರಡನೆಯ ಬೇಸ್ ಬಳಿ, ಹಾಡ್ಜಸ್ ಮೊದಲ ಬೇಸ್ ಬಳಿ ಅಕ್ಕಪಕ್ಕ ನಿಂತು ಆಡಿದರು. ಅಲ್ಲಿ ಬೆಳೆದ ಸ್ನೇಹ ಮರಣದವರೆಗೂ ಉಳಿಯಿತು.

1948ರ ಡಿಸೆಂಬರ್ 26ರಂದು ಹಾಡ್ಜಸ್ ಬ್ರೂಕ್ಲಿನ್‌ನ ಜೋನ್ ಲೊಂಬಾರ್ಡಿ ಎಂಬ ಕನ್ಯೆಯನ್ನು ವಿವಾಹವಾದರು. ಇಂಡಿಯಾನಾದ ಗಣಿಯೂರಿನ ಹುಡುಗ ಹೀಗೆ ಬ್ರೂಕ್ಲಿನ್‌ನ ಅಳಿಯನಾದ. ಅಲ್ಲಿಯೇ ಮನೆ ಮಾಡಿದ. ಒಬ್ಬ ಗಂಡುಮಗ, ಮೂವರು ಹೆಣ್ಣುಮಕ್ಕಳ ಸಂಸಾರ. ಅಂದಿನ ಆಟಗಾರರು ಇಂದಿನವರಂತೆ ಕೋಟೆಯೊಳಗಿನ ಶ್ರೀಮಂತರಲ್ಲ. ಅದೇ ಬೀದಿಯ ಅಂಗಡಿಗೆ ಹೋಗುವವರು, ಅದೇ ದೇವಾಲಯದ ಬೆಂಚಿನಲ್ಲಿ ಮೊಣಕಾಲೂರುವವರು. ಹಾಡ್ಜಸ್ ಭಕ್ತ ಕಥೋಲಿಕರೆಂಬುದು ಎಲ್ಲರಿಗೂ ತಿಳಿದಿತ್ತು. ಆದರೆ ಆ ಭಕ್ತಿಯನ್ನು ಅವರು ಪ್ರದರ್ಶನಕ್ಕಿಡಲಿಲ್ಲ.

ಇಂಥವರ ಬಾಳಿನಲ್ಲಿ 1952ರ ಅಕ್ಟೋಬರ್ ಬಂತು. ವರ್ಷದ ಕೊನೆಯ ಪ್ರತಿಷ್ಠಿತ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಡಾಡ್ಜರ್ಸ್ ಎದುರಿಗೆ ಅದೇ ನಗರದ ಯಾಂಕೀಸ್ ತಂಡ. ಏಳು ಪಂದ್ಯಗಳ ಆ ಸರಣಿಯಲ್ಲಿ ಹಾಡ್ಜಸ್ ಇಪ್ಪತ್ತೊಂದು ಸಲ ಪ್ರಯತ್ನಿಸಿದರು. ಒಂದು ಸಲವೂ ಯಶಸ್ವಿಯಾಗಲಿಲ್ಲ. ತಂಡ ಸೋತಿತು. ಬೇಸ್‌ಬಾಲ್‌ನಲ್ಲಿ ಅತ್ಯುತ್ತಮ ಬ್ಯಾಟುಗಾರನೂ ಹತ್ತಕ್ಕೆ ಏಳು ಸಲ ವಿಫಲನಾಗುತ್ತಾನೆ. ಮೂರು ಸಲ ಗೆದ್ದವನೇ ಮಹಾಶೂರ. ಆದರೂ ಇಪ್ಪತ್ತೊಂದಕ್ಕೆ ಸೊನ್ನೆ ಎಂಬುದು ಯಾವ ಆಟಗಾರನನ್ನೂ ಕುಗ್ಗಿಸುವ ಲೆಕ್ಕ. ಮರುವರ್ಷದ ವಸಂತದಲ್ಲಿಯೂ ಅದೇ ದುರ್ದೆಸೆ ಮುಂದುವರಿಯಿತು. ಮೇ ತಿಂಗಳಲ್ಲಿ ಅವರನ್ನು ಕೆಲವು ಪಂದ್ಯಗಳಿಂದ ಕೈಬಿಡಬೇಕಾಯಿತು.

ಇಲ್ಲಿ ಬ್ರೂಕ್ಲಿನ್‌ನ ಜನ ನಡೆದುಕೊಂಡ ರೀತಿ ಆಶ್ಚರ್ಯಕರ. ಆ ಊರಿನ ಪ್ರೇಕ್ಷಕರು ಮೃದುಭಾಷಿಗಳೆಂದು ಯಾರೂ ಹೇಳುವಂತಿರಲಿಲ್ಲ. ತಪ್ಪಿದವರನ್ನು ಕೂಗಿ ಮೂದಲಿಸುವುದು ಅವರ ವಾಡಿಕೆ. ಹಾಡ್ಜಸ್‌ರನ್ನು ಮಾತ್ರ ಅವರು ಮೂದಲಿಸಲಿಲ್ಲ. ಅವರು ಬ್ಯಾಟು ಹಿಡಿದು ಬಂದಾಗಲೆಲ್ಲ ಎಬೆಟ್ಸ್ ಫೀಲ್ಡ್ ಎಂಬ ಆ ಪುಟ್ಟ ಮೈದಾನ ಎದ್ದು ಚಪ್ಪಾಳೆ ತಟ್ಟುತ್ತಿತ್ತು. ಅಪರಿಚಿತರು ಪತ್ರ ಬರೆದರು, ಜಪಸರಗಳನ್ನು ಕಳುಹಿಸಿದರು. ಫಾದರ್ ರೆಡ್ಮಂಡ್ ಅವರ ಪ್ರಬೋಧನೆಯಿಲ್ಲದ ಆ ಭಾನುವಾರ ಬಂದದ್ದು ಈ ದಿನಗಳಲ್ಲಿಯೇ.

ಪ್ರಾರ್ಥನೆಯ ಜತೆಗೇ ಇನ್ನೊಂದು ಕೆಲಸವೂ ನಡೆಯಿತು. ತಂಡದ ಮ್ಯಾನೇಜರ್ ಚಕ್ ಡ್ರೆಸೆನ್ ಅವರು ಹಾಡ್ಜಸ್ ಬ್ಯಾಟು ಬೀಸುವ ಕ್ರಮವನ್ನು ಚಲನಚಿತ್ರವಾಗಿ ತೆಗೆಸಿ ಅವರಿಗೇ ತೋರಿಸಿದರು. ಚೆಂಡು ಬರುವ ಕ್ಷಣದಲ್ಲಿ ಅವರ ಮುಂಗಾಲು ತಮಗರಿವಿಲ್ಲದೆ ಪಕ್ಕಕ್ಕೆ ಸರಿಯುತ್ತಿತ್ತು. ತನ್ನ ತಪ್ಪನ್ನು ತಾನೇ ಪರದೆಯ ಮೇಲೆ ಕಂಡ ಆಟಗಾರ ಹಟ ಮಾಡದೆ ತಿದ್ದಿಕೊಳ್ಳಲು ತೊಡಗಿದ. ವರ್ಷ ಮುಗಿಯುವಾಗ 31 ಹೋಂ ರನ್‌ಗಳು ಅವರ ಹೆಸರಿನಲ್ಲಿದ್ದವು. ಸಾವಿರಕ್ಕೆ 302ರ ಸರಾಸರಿಯೂ ಬಂದಿತ್ತು. ಆ ಅಕ್ಟೋಬರ್‌ನ ವರ್ಲ್ಡ್ ಸೀರೀಸ್‌ನಲ್ಲಿ ತಂಡ ಮತ್ತೆ ಸೋತರೂ ಹಾಡ್ಜಸ್ ಚೆನ್ನಾಗಿಯೇ ಆಡಿದರು.

ಈಗ ನಮ್ಮ ಪ್ರಶ್ನೆಗೆ ಬರೋಣ. ಹಾಡ್ಜಸ್ ಚೇತರಿಸಿಕೊಂಡದ್ದು ಪ್ರಾರ್ಥನೆಯಿಂದಲೋ, ಚಲನಚಿತ್ರದಿಂದಲೋ? ಈ ಎರಡನ್ನು ಎದುರುಬದುರು ನಿಲ್ಲಿಸುವುದೇ ತಪ್ಪೆಂದು ನಾವು ತಿಳಿಯುತ್ತೇವೆ. ದೇವರ ಕೃಪೆ ಮಾನವ ಸ್ವಭಾವವನ್ನು ಅಳಿಸಿಹಾಕುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ. ನ್ಯಾಯವಾಗಿ ಬಯಸಬಹುದಾದುದನ್ನು ಪ್ರಾರ್ಥನೆಯಲ್ಲಿ ಬೇಡಲೂಬಹುದು ಎಂದೂ, ಪ್ರಾರ್ಥನೆಯೆಂಬುದು ದೇವರ ಮನಸ್ಸನ್ನು ಬದಲಿಸುವ ಉಪಾಯವಲ್ಲ ಎಂದೂ ಅವರೇ ವಿವರಿಸಿದ್ದಾರೆ. ಚೆಂಡಿನ ಗತಿಯನ್ನು ತಿರುಗಿಸೆಂದು ಕೇಳಿದರೆ ಅದು ಮಾಟಮಂತ್ರಕ್ಕೆ ಸಮೀಪ. ಕುಗ್ಗಿದ ಒಬ್ಬ ಸಹೋದರನ ಭಾರವನ್ನು ನಮ್ಮದೆಂದು ದೇವರ ಮುಂದೆ ಹೊತ್ತು ನಿಂತರೆ ಅದು ಕ್ರೈಸ್ತ ಪ್ರಾರ್ಥನೆ. ಎದುರು ತಂಡದಲ್ಲಿಯೂ ದೇವರ ಮಕ್ಕಳಿದ್ದಾರೆ ಎಂಬುದನ್ನು ಫಾದರ್ ರೆಡ್ಮಂಡ್ ಅರಿಯದವರೇನಲ್ಲ. ಅವರು ಡಾಡ್ಜರ್ಸ್‌ನ ಜಯಕ್ಕಾಗಿ ಕೋರಲಿಲ್ಲ. ಒಬ್ಬ ಮನುಷ್ಯನಿಗಾಗಿ ಕೋರಿದರು. ಸೋತವನಿಗೆ ತಾನು ಒಂಟಿಯಲ್ಲವೆಂಬ ಅರಿವು ಬಂದರೆ ತನ್ನ ತಪ್ಪನ್ನು ಕಣ್ಣೆತ್ತಿ ನೋಡುವ ಧೈರ್ಯವೂ ಬರುತ್ತದೆ. ಈ ಧೈರ್ಯವನ್ನೇ ನಾವು ಕೃಪೆಯ ಕೆಲಸವೆನ್ನುತ್ತೇವೆ.

1955ರ ಅಕ್ಟೋಬರ್ 4ರಂದು ಬ್ರೂಕ್ಲಿನ್‌ನ ದೀರ್ಘ ಕಾಯುವಿಕೆ ಕೊನೆಗೊಂಡಿತು. ಯಾಂಕೀಸ್ ವಿರುದ್ಧದ ಏಳನೆಯ ಪಂದ್ಯವನ್ನು ಡಾಡ್ಜರ್ಸ್ 2–0 ಅಂತರದಲ್ಲಿ ಗೆದ್ದು ಪ್ರಥಮ ಬಾರಿಗೆ ಚಾಂಪಿಯನ್ ಆದರು. ಆ ಎರಡು ರನ್‌ಗಳೂ ಬಂದದ್ದು ಹಾಡ್ಜಸ್ ಅವರ ಹೊಡೆತಗಳಿಂದ. ನಾಯಕ ಪೀ ವೀ ರೀಸ್ ಎಸೆದ ಕೊನೆಯ ಚೆಂಡು ಬಂದು ಸೇರಿದ್ದೂ ಅವರ ಕೈಗೇ. ಎರಡು ವರ್ಷಗಳ ನಂತರ, 1957ರಲ್ಲಿ, ಅವರ ತಂದೆ ಗಣಿಯಲ್ಲಾದ ಗಾಯದ ಚಿಕಿತ್ಸೆಯ ಸಂದರ್ಭದಲ್ಲಿ ತೀರಿಕೊಂಡರು. ಗಣಿಗೆ ಇಳಿಯಬಾರದೆಂದು ಮಗನನ್ನು ಕಾಪಾಡಿದ ತಂದೆಯನ್ನು ಕೊನೆಗೂ ಗಣಿಯೇ ಕೊಂಡೊಯ್ದಿತು. ಅದೇ ವರ್ಷದ ಆಟ ಮುಗಿದ ಬಳಿಕ ಡಾಡ್ಜರ್ಸ್ ತಂಡವನ್ನೇ ಲಾಸ್ ಏಂಜಲಿಸ್‌ಗೆ ಸ್ಥಳಾಂತರಿಸಲಾಯಿತು. ಹಾಡ್ಜಸ್ ಅಲ್ಲಿಯೂ ಆಡಿ, 1959ರಲ್ಲಿ ಇನ್ನೊಮ್ಮೆ ಚಾಂಪಿಯನ್ ತಂಡದಲ್ಲಿದ್ದು, 1962ರಲ್ಲಿ ಹೊಸದಾಗಿ ಹುಟ್ಟಿದ ನ್ಯೂಯಾರ್ಕ್ ಮೆಟ್ಸ್ ತಂಡದೊಂದಿಗೆ ತಮ್ಮ ನಗರಕ್ಕೆ ಮರಳಿದರು. ಒಟ್ಟು 370 ಹೋಂ ರನ್‌ಗಳೊಂದಿಗೆ ಅವರ ಆಟದ ದಿನಗಳು ಮುಗಿದವು.

1963ರಲ್ಲಿ ಅವರು ವಾಷಿಂಗ್ಟನ್ ಸೆನೆಟರ್ಸ್ ಎಂಬ ದುರ್ಬಲ ತಂಡದ ಮ್ಯಾನೇಜರ್ ಆದರು. ತಂಡವನ್ನು ಆರಿಸಿ ನಡೆಸುವ ಈ ಹುದ್ದೆಯಲ್ಲಿಯೇ ಅವರ ಸೋಲಿನ ದಿನಗಳ ಪಾಠ ಫಲ ಕೊಟ್ಟಿತು. ಅವರು ಶಿಸ್ತಿನ ಮನುಷ್ಯ. ಆದರೆ ಯಾರನ್ನೂ ಹತ್ತು ಜನರೆದುರು ಹೀನಾಯ ಮಾಡಿ ಸುಖಪಡುವವರಲ್ಲ. ಒಮ್ಮೆ ನಾಲ್ವರು ಆಟಗಾರರು ರಾತ್ರಿಯ ನಿಗದಿತ ವೇಳೆ ಮೀರಿ ಹೊರಗಿದ್ದರಂತೆ. ಹಾಡ್ಜಸ್ ಯಾರ ಹೆಸರನ್ನೂ ಎತ್ತದೆ, ತಪ್ಪಿದವರು ತಲಾ ನೂರು ಡಾಲರ್ ದಂಡವನ್ನು ತಮ್ಮ ಮೇಜಿನ ಮೇಲೆ ಇಟ್ಟು ಹೋಗಬೇಕೆಂದು ತಿಳಿಸಿದರಂತೆ. ಸಂಜೆ ನೋಡಿದಾಗ ಅಲ್ಲಿ ಏಳು ನೂರು ಡಾಲರ್ ಸೇರಿತ್ತೆಂಬ ಕಥೆ ಆಟಗಾರರ ನಡುವೆ ಬಹುಕಾಲ ಪ್ರಚಲಿತವಾಗಿತ್ತು.

ಆ ತಂಡದಲ್ಲಿ ರೈನ್ ಡ್ಯೂರೆನ್ ಎಂಬ ಚೆಂಡೆಸೆಗಾರನಿದ್ದ. ಒಂದು ಕಾಲದಲ್ಲಿ ಪ್ರಖ್ಯಾತನಾಗಿದ್ದ ಆತ ಕುಡಿತಕ್ಕೆ ದಾಸನಾಗಿ ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದ. 1965ರಲ್ಲಿ ಒಂದು ರಾತ್ರಿ ಆತ ಪ್ರಾಣ ಕಳೆದುಕೊಳ್ಳುವ ಮನಸ್ಸಿನಿಂದ ಸೇತುವೆಯೊಂದನ್ನು ಏರಿದ. ಅಲ್ಲಿಗೆ ಬಂದು, ಸಮಾಧಾನದ ಮಾತನಾಡಿ, ಆತನನ್ನು ಕೆಳಗಿಳಿಸಿಕೊಂಡವರು ಹಾಡ್ಜಸ್. ಡ್ಯೂರೆನ್‌ನ ಆಟದ ಬಾಳು ಆ ವರ್ಷವೇ ಮುಗಿಯಿತು, ಜೀವ ಉಳಿಯಿತು. ಮುಂದೆ ಆತ ಕುಡಿತವನ್ನು ಬಿಟ್ಟು, ಅದೇ ವ್ಯಸನದಲ್ಲಿ ಸಿಲುಕಿದವರಿಗೆ ನೆರವಾಗುವ ಕೆಲಸಕ್ಕೆ ತನ್ನ ಉಳಿದ ಬದುಕನ್ನು ಮುಡಿಪಾಗಿಟ್ಟ. ಯಾವ ಅಂಕಪಟ್ಟಿಯಲ್ಲಿಯೂ ಸೇರದ ಈ ಗೆಲುವೇ ಹಾಡ್ಜಸ್ ಅವರ ಅತಿ ದೊಡ್ಡ ಗೆಲುವೆಂದು ನಾವು ಭಾವಿಸುತ್ತೇವೆ.

1968ರಲ್ಲಿ ನ್ಯೂಯಾರ್ಕ್ ಮೆಟ್ಸ್ ಅವರನ್ನು ಮ್ಯಾನೇಜರ್ ಆಗಿ ಕರೆತಂದಿತು. ಹುಟ್ಟಿದ ವರ್ಷವೇ 120 ಪಂದ್ಯ ಸೋತು ನಗೆಪಾಟಲಾಗಿದ್ದ ತಂಡ ಅದು. ಆ ವರ್ಷದ ಸೆಪ್ಟೆಂಬರ್ 24ರಂದು ಅಟ್ಲಾಂಟಾದಲ್ಲಿ ಪಂದ್ಯ ನಡೆಯುತ್ತಿದ್ದಾಗ ಹಾಡ್ಜಸ್ ಹೃದಯಾಘಾತಕ್ಕೀಡಾದರು. ಚೇತರಿಸಿಕೊಂಡು ಮರುವರ್ಷ ಮತ್ತೆ ಕೆಲಸಕ್ಕೆ ನಿಂತರು. ಟಾಮ್ ಸೀವರ್, ಜೆರ್ರಿ ಕೂಸ್‌ಮನ್ ಮೊದಲಾದ ಎಳೆಯ ಚೆಂಡೆಸೆಗಾರರ ತೋಳು ದಣಿಯದಂತೆ ಸರದಿ ಏರ್ಪಡಿಸಿದರು. ಒಂದೊಂದು ಸ್ಥಾನಕ್ಕೆ ಇಬ್ಬಿಬ್ಬರನ್ನು ಸಿದ್ಧಗೊಳಿಸಿ, ಎದುರಾಳಿ ಎಡಗೈಯವನೋ ಬಲಗೈಯವನೋ ನೋಡಿ ಆಡಿಸಿದರು. ಇದರಿಂದ ಬೆಂಚಿನ ಮೇಲೆ ಕುಳಿತವನಿಗೂ ತನ್ನ ದಿನ ಬರುವುದೆಂಬ ನಂಬಿಕೆ ಮೂಡಿತು.

ಆ ವರ್ಷದ ಜುಲೈ 30ರಂದು ತಂಡದ ಶ್ರೇಷ್ಠ ಬ್ಯಾಟುಗಾರ ಕ್ಲಿಯಾನ್ ಜೋನ್ಸ್ ತನ್ನತ್ತ ಬಂದ ಚೆಂಡನ್ನು ಬೆನ್ನಟ್ಟುವುದರಲ್ಲಿ ನಿಧಾನಿಸಿದಂತೆ ಕಂಡಿತು. ಹಾಡ್ಜಸ್ ಕೂಗಲಿಲ್ಲ, ಬೇರೊಬ್ಬರನ್ನು ಕಳುಹಿಸಲಿಲ್ಲ. ತಾವೇ ಎದ್ದು, ಮೈದಾನದ ದೂರದ ಮೂಲೆಯವರೆಗೆ ನಿಧಾನವಾಗಿ ನಡೆದು, ಜೋನ್ಸ್‌ನೊಡನೆ ನಾಲ್ಕು ಮಾತನಾಡಿ, ಆತನನ್ನು ಜತೆಗೆ ಕರೆದುಕೊಂಡು ಹಿಂದಿರುಗಿದರು. ಎಲ್ಲರ ಕಣ್ಣೆದುರಿಗೆ ನಡೆದ ಈ ಶಿಕ್ಷೆ ಕಠಿಣವೇ ಸರಿ; ಜೋನ್ಸ್‌ಗೆ ಕಾಲಿನ ನೋವಿತ್ತೆಂಬುದೂ ನಿಜ. ಆದರೆ ಆತನನ್ನು ಮೂಲೆಗೆ ತಳ್ಳಲಿಲ್ಲ, ಮತ್ತೆ ಆಡಿಸಿದರು. ತಂಡ 100 ಪಂದ್ಯ ಗೆದ್ದು, ಅಕ್ಟೋಬರ್ 16ರಂದು ಬಾಲ್ಟಿಮೋರ್ ತಂಡವನ್ನು ಮಣಿಸಿ ಚಾಂಪಿಯನ್ ಆದಾಗ ಕೊನೆಯ ಚೆಂಡನ್ನು ಹಿಡಿದು ಮಂಡಿಯೂರಿದವನು ಅದೇ ಜೋನ್ಸ್. ಅಮೆರಿಕದ ಜನ ಇದನ್ನು ಇಂದಿಗೂ ಪವಾಡವೆಂದೇ ಕರೆಯುತ್ತಾರೆ. ಪವಾಡ ಎಂಬ ಪದವನ್ನು ಧರ್ಮಸಭೆ ಬಹಳ ಎಚ್ಚರಿಕೆಯಿಂದ ಬಳಸುತ್ತದೆ. ನಾವಾದರೋ ಇದನ್ನು ತಾಳ್ಮೆಯ ಫಲವೆನ್ನುತ್ತೇವೆ.

1972ರ ಏಪ್ರಿಲ್ 2 ಪುನರುತ್ಥಾನದ ಹಬ್ಬದ ಭಾನುವಾರ. ಆಟಗಾರರ ಮುಷ್ಕರದ ಕಾರಣ ಪಂದ್ಯಗಳಿರಲಿಲ್ಲ. ಫ್ಲಾರಿಡಾದ ವೆಸ್ಟ್ ಪಾಮ್ ಬೀಚ್‌ನಲ್ಲಿ ತಮ್ಮ ಸಹಾಯಕರಾದ ಮೂವರು ಗೆಳೆಯರೊಂದಿಗೆ ಗಾಲ್ಫ್ ಆಡಿ ಹಾಡ್ಜಸ್ ಕೊಠಡಿಯತ್ತ ಮರಳುತ್ತಿದ್ದರು. ರಾತ್ರಿಯ ಊಟಕ್ಕೆ ಎಷ್ಟು ಗಂಟೆಗೆ ಸೇರೋಣವೆಂದು ಗೆಳೆಯರೊಬ್ಬರು ಕೇಳಿದರು. ಹಾಡ್ಜಸ್ ಸಮಯ ತಿಳಿಸಿದರು. ಅಲ್ಲಿಯೇ ಕುಸಿದು ಬಿದ್ದರು. ಎರಡು ದಿನ ಕಳೆದಿದ್ದರೆ ಅವರಿಗೆ ನಲವತ್ತೆಂಟು ತುಂಬುತ್ತಿತ್ತು. ಬ್ರೂಕ್ಲಿನ್‌ನಲ್ಲಿ ಕ್ರೈಸ್ತರ ಸಹಾಯ ಮಾತೆಯ ದೇವಾಲಯದಲ್ಲಿ ಅಂತಿಮ ಬಲಿಪೂಜೆ ನಡೆದು, ಪವಿತ್ರ ಶಿಲುಬೆಯ ಸಮಾಧಿಭೂಮಿಯಲ್ಲಿ ಅವರನ್ನು ಮಣ್ಣುಮಾಡಲಾಯಿತು. ರೋಗದಿಂದ ದೃಷ್ಟಿ ಬಹಳ ಕುಂದಿದ್ದ ಜಾಕಿ ರಾಬಿನ್ಸನ್ ಗೆಳೆಯನಿಗೆ ವಿದಾಯ ಹೇಳಲು ಬಂದಿದ್ದರು. ಅದೇ ಅಕ್ಟೋಬರ್‌ನಲ್ಲಿ ಅವರೂ ತೀರಿಕೊಂಡರು.

ಬೇಸ್‌ಬಾಲ್‌ನ ಪರಮ ಗೌರವವೆನಿಸಿದ ಹಾಲ್ ಆಫ್ ಫೇಮ್‌ಗೆ ಹಾಡ್ಜಸ್ ಅವರ ಹೆಸರು ವರ್ಷ ವರ್ಷವೂ ಚರ್ಚೆಗೆ ಬಂದು, ಕೆಲವೇ ಮತಗಳ ಕೊರತೆಯಿಂದ ಬಿದ್ದುಹೋಗುತ್ತಿತ್ತು. ಕೊನೆಗೆ 2021ರ ಡಿಸೆಂಬರ್‌ನಲ್ಲಿ ಅವರು ಆಯ್ಕೆಯಾದರು. 2022ರ ಜುಲೈ 24ರಂದು ಅವರ ಫಲಕವನ್ನು ಅಲ್ಲಿ ಸ್ಥಾಪಿಸಲಾಯಿತು. ಅವರು ತೀರಿಕೊಂಡು ಐವತ್ತು ವರ್ಷಗಳು ಸಂದಿದ್ದವು. ಅಷ್ಟೂ ಕಾಲ ವಿಧವೆಯಾಗಿ ಬ್ರೂಕ್ಲಿನ್‌ನಲ್ಲಿಯೇ ಬಾಳಿದ ಜೋನ್ ಅವರು ತೊಂಬತ್ತೈದರ ವಯಸ್ಸಿನಲ್ಲಿ ಆ ಸುದ್ದಿಯನ್ನು ಕೇಳಿದರು. ಅದೇ ಸೆಪ್ಟೆಂಬರ್‌ನಲ್ಲಿ ಅವರೂ ಪ್ರಭುವಿನ ಪಾದ ಸೇರಿದರು. ಮನುಷ್ಯರು ಕೊಡುವ ಮನ್ನಣೆ ಎಷ್ಟು ತಡವಾಗಿ ಬರುತ್ತದೆಂಬುದಕ್ಕೆ ಇದೊಂದು ಸಾಕ್ಷಿ.

ನಮ್ಮ ಕುಟುಂಬಗಳಲ್ಲಿಯೂ ಸೋತವರಿದ್ದಾರೆ. ಪರೀಕ್ಷೆಯಲ್ಲಿ ನಪಾಸಾದ ಮಗಳು, ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತ ಮಗ, ವ್ಯಾಪಾರದಲ್ಲಿ ಕೈಸುಟ್ಟುಕೊಂಡ ಅಳಿಯ, ಕುಡಿತಕ್ಕೆ ಬಿದ್ದ ತಮ್ಮ. ಅವರು ಮನೆಯೊಳಗೆ ಕಾಲಿಟ್ಟಾಗ ನಾವು ಏನು ಮಾಡುತ್ತೇವೆ? ನೆಂಟರೆದುರು ಲೆಕ್ಕ ಒಪ್ಪಿಸುತ್ತೇವೆಯೇ, ಇಲ್ಲವೇ ಬ್ರೂಕ್ಲಿನ್‌ನ ಜನರಂತೆ ಎದ್ದು ನಿಲ್ಲುತ್ತೇವೆಯೇ? ತಪ್ಪನ್ನು ತೋರಿಸಿಕೊಡುವುದು ಬೇಕು. ಡ್ರೆಸೆನ್ ಅದನ್ನೇ ಮಾಡಿದರು. ಆದರೆ ತಪ್ಪನ್ನು ತೋರಿಸುವ ಮೊದಲು, ತೋರಿಸುವಾಗ, ತೋರಿಸಿದ ಮೇಲೂ ಆ ವ್ಯಕ್ತಿಗಾಗಿ ಪ್ರಾರ್ಥಿಸುವವರು ಮನೆಯಲ್ಲಿರಬೇಕು. ಇಂದು ರಾತ್ರಿ ಕುಟುಂಬದ ಜಪಸರಕ್ಕೆ ಕುಳಿತಾಗ ನಮ್ಮ ನಮ್ಮ ಮನೆಯಲ್ಲಿ ಸೋತವರೊಬ್ಬರ ಹೆಸರನ್ನು ಹೇಳಿ ಒಂದು ನಮೋ ಮರಿಯ ಹೆಚ್ಚಾಗಿ ಅರ್ಪಿಸೋಣ. ಫಾದರ್ ರೆಡ್ಮಂಡ್ ತಮ್ಮ ಜನರಿಂದ ಕೇಳಿದ್ದು ಇದಕ್ಕಿಂತ ಹೆಚ್ಚೇನಲ್ಲ.